ಹೊಸ ಕಂಪ್ಯೂಟರಿಗೆ ಪ್ರೆಸ್ಸಿನ ‘ಪಿ’ ಡ್ರೈವ್ ಸೇರಿಸಿದ ಅನುಭವ

ಸಣ್ಣ ಆಫೀಸು, ಪ್ರೆಸ್ಸು, ಆಡಿಟರ್ ಕಚೇರಿ, ಫೋಟೋ ಸ್ಟುಡಿಯೋ, ಯಾವುದೇ ಇರಲಿ. ಎಲ್ಲರೂ ಒಂದೇ ಕಡೆ ಫೈಲ್ ಇಟ್ಟುಕೊಂಡು ಕೆಲಸ ಮಾಡೋ ಜಾಗದವರು ನೀವಾಗಿದ್ದು, ಹಳೇ ವಿಂಡೋಸ್ 10 ಬಿಟ್ಟು ವಿಂಡೋಸ್ 11ರ ಹೊಸ ಕಂಪ್ಯೂಟರ್ ತರುವ ಯೋಚನೆಯಲ್ಲಿದ್ದರೆ ಇದನ್ನೊಮ್ಮೆ ಓದಿ. ನಮ್ಮಲ್ಲಿ ಈಗಷ್ಟೇ ಈ ಕೆಲಸ ಮುಗಿದಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ದಾವಣಗೆರೆಯಲ್ಲಿ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್. ಮಾವನವರು ಕಟ್ಟಿ ಬೆಳೆಸಿದ್ದು. ಲಗ್ನಪತ್ರಿಕೆ, ಬಿಲ್‌ಬುಕ್, ಕ್ಯಾಲೆಂಡರ್, ಶಾಲೆಗಳ ಪ್ರಶ್ನೆಪತ್ರಿಕೆ, ಚುನಾವಣೆ ಬಂದರೆ ಕರಪತ್ರ. ಫೈಲ್‌ಗಳೆಲ್ಲ ಒಳಗಿನ ಕೋಣೆಯ ಮೂಲೆಯಲ್ಲಿರುವ ಒಂದು ಕಪ್ಪು ಪೆಟ್ಟಿಗೆಯಲ್ಲಿರುತ್ತವೆ. ಅದರೊಳಗೆ ಎರಡು ಹಾರ್ಡ್‌ಡಿಸ್ಕ್, ಹಿಂದೆ ಒಂದು ನೆಟ್‌ವರ್ಕ್ ವೈರು, ಅಷ್ಟೇ. ಇದಕ್ಕೆ ನಾಸ್ ಅನ್ನುತ್ತಾರೆ. ಎಲ್ಲ ಕಂಪ್ಯೂಟರಿನಲ್ಲೂ ಇದು ‘ಪಿ’ ಡ್ರೈವ್ ಅಂತ ಕಾಣುತ್ತಿತ್ತು. ತೆಗೆದವರಿಗೆಲ್ಲ ತೆರೆಯುತ್ತಿತ್ತು, ಪಾಸ್‌ವರ್ಡ್ ಅಂತ ಏನೂ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಹಳೇ ಫೈಲೇ ಬಂಡವಾಳ. "ಅಣ್ಣನ ಮದುವೆಗೆ ಮಾಡಿಸಿದ ಡಿಸೈನೇ ಇರಲಿ, ಹೆಸರು ತಾರೀಖು ಬದಲಿಸಿಕೊಡಿ" ಅಂತ ಐದಾರು ವರ್ಷ ಬಿಟ್ಟು ಬರುವ ಗಿರಾಕಿಗಳಿದ್ದಾರೆ. ಆ ಪೆಟ್ಟಿಗೆ ತೆರೆಯದಿದ್ದರೆ ನಮ್ಮ ಅರ್ಧ ಕೆಲಸ ನಿಂತ ಹಾಗೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮ ಹಳೇ ಕಂಪ್ಯೂಟರುಗಳಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಲಿಲ್ಲ. ಹಾಗಾಗಿ ಡಿಟಿಪಿಗೆ (ಪುಟ ಜೋಡಿಸುವ ಕೆಲಸಕ್ಕೆ) ಮತ್ತು ಬಿಲ್ಲಿಂಗ್‌ಗೆ ಹೊಸ ಕಂಪ್ಯೂಟರ್ ತಂದೆವು, ವಿಂಡೋಸ್ 11 ಪ್ರೊ ಹಾಕಿದ್ದು. ದೀಪಾವಳಿ ಕಳೆದು ಕಾರ್ತಿಕದ ಮದುವೆಗಳು ಶುರುವಾಗುವ ಹೊತ್ತು. ಹೊಸ ವರ್ಷದ ಕ್ಯಾಲೆಂಡರ್ ಆರ್ಡರುಗಳೂ ಬರುತ್ತಿದ್ದವು. ಕೋರೆಲ್ ಡ್ರಾ ಹಾಕಿ, ನುಡಿ ಹಾಕಿ, ಫಾಂಟುಗಳನ್ನೆಲ್ಲ ಕೂರಿಸಿ, ಕೊನೆಗೆ ‘ಪಿ’ ಡ್ರೈವ್ ಸೇರಿಸೋಣ ಅಂತ ಕೂತರೆ ಬಾಗಿಲೇ ತೆರೆಯಲಿಲ್ಲ.

ಪರದೆಯ ಮೇಲೆ ಬಂದ ಸಂದೇಶದ ಅರ್ಥ ಹೀಗಿತ್ತು: ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗುರುತು ಹೇಳದ ಅತಿಥಿಗಳನ್ನು ತಡೆಯುತ್ತಿದೆ, ಆದ್ದರಿಂದ ಈ ಫೋಲ್ಡರ್ ತೆರೆಯಲಾಗದು. ನಮ್ಮಲ್ಲಿ ಯಾರೂ ಅಂಥ ನೀತಿ ಮಾಡಿರಲಿಲ್ಲ. ಪಕ್ಕದಲ್ಲೇ ಹಳೇ ಕಂಪ್ಯೂಟರಿನಲ್ಲಿ ಅದೇ ಡ್ರೈವ್ ಸಲೀಸಾಗಿ ತೆರೆಯುತ್ತಿತ್ತು. ಮಾವನವರು ಹಿಂದೆ ಬಂದು ನಿಂತು, "ಏನಮ್ಮಾ, ಫೈಲ್ ಎಲ್ಲಾ ಇದಾವಲ್ವಾ?" ಅಂತ ಕೇಳಿದರು. "ಇದಾವೆ ಮಾವ, ಹೊಸದರಲ್ಲಿ ಮಾತ್ರ ಕಾಣ್ತಿಲ್ಲ" ಅಂದೆ. ಹೇಳಿದ್ದು ಹೌದಾದರೂ ಹೊಟ್ಟೆಯಲ್ಲಿ ತಳಮಳ.

ಫೋನ್ ಮಾಡಿದಾಗ ಟೆಕ್ನಿಷಿಯನ್ ಮರುದಿನ ಸಂಜೆ ಬರುವುದಾಗಿ ಹೇಳಿದರು. ಬಂದದ್ದು ಅದರ ಮರುದಿನ. ಸೀಸನ್ನಿನಲ್ಲಿ ಅವರಿಗೂ ಪುರುಸೊತ್ತಿಲ್ಲ. ಅಲ್ಲಿಯವರೆಗೆ ಹಳೇ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ, ಪೆನ್‌ಡ್ರೈವಿನಿಂದ ಹೊಸದಕ್ಕೆ. ಈ ಕಾಯುವ ಹೊತ್ತಿನಲ್ಲೇ ಒಂದು ಅಪಾಯ ಇದೆ, ಗಮನಿಸಿ. ಪೆನ್‌ಡ್ರೈವಿನಲ್ಲಿ ಕರೆಕ್ಷನ್ ಮಾಡಿದ ಪತ್ರಿಕೆ ಒಂದು, ಪೆಟ್ಟಿಗೆಯಲ್ಲಿರುವ ಕರೆಕ್ಷನ್ ಆಗದ ಪತ್ರಿಕೆ ಇನ್ನೊಂದು. ಮುಹೂರ್ತದ ಸಮಯ ತಪ್ಪಾಗಿರುವ ಫೈಲು ಪ್ಲೇಟಿಗೆ, ಅಂದರೆ ಅಚ್ಚಿನ ತಗಡಿಗೆ, ಹೋಗಿಬಿಟ್ಟರೆ ಮುಗೀತು. ಪ್ಲೇಟಿಗೆ ಹೋಗುವ ಮುಂಚೆ ಪ್ರತಿ ಫೈಲಿನ ಪ್ರಿಂಟ್ ತೆಗೆದು ಗಿರಾಕಿಯ ಸಹಿ ಹಾಕಿಸಿಕೊಂಡೆವು. ನೀವೂ ಇಂಥ ಮಧ್ಯದ ದಿನಗಳಲ್ಲಿ ಯಾವುದು ಕೊನೆಯ ಫೈಲು ಅನ್ನೋದಕ್ಕೆ ಒಂದು ಗುರುತು ಇಟ್ಟುಕೊಳ್ಳಿ.

ಟೆಕ್ನಿಷಿಯನ್ ನೋಡಿದವರೇ, "ಮೇಡಂ, ಇದು ಹೊಸ ವಿಂಡೋಸಲ್ಲಿ ಎಲ್ಲಾ ಕಡೆ ಬರ್ತಿದೆ. ಎರಡು ಸೆಟ್ಟಿಂಗ್ ಆಫ್ ಮಾಡಿದ್ರೆ ಐದೇ ನಿಮಿಷದಲ್ಲಿ ತೆಗೆಯುತ್ತೆ" ಅಂದರು. ಏನು ಆಫ್ ಮಾಡುತ್ತೀರಿ, ಯಾಕೆ ಅಂತ ಕೇಳಿದೆ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆ ಮಾತುಕತೆಯಿಂದಲೇ ಮುಂದಿನ ದಾರಿ ಗೊತ್ತಾಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಂಪ್ಯೂಟರು ಮತ್ತು ಹಂಚಿಕೆಯ ಡ್ರೈವ್ ಮಾತಾಡುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಆಮೇಲೆ ವಿಂಡೋಸ್ ಜೊತೆ ಬೆಳೆದದ್ದು. ನಮ್ಮ ಪೆಟ್ಟಿಗೆಯೊಳಗೆ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್. ಅದು ಸಾಂಬಾ ಅನ್ನುವ ತಂತ್ರಾಂಶದ ಮೂಲಕ ಎಸ್‌ಎಂಬಿ ಮಾತಾಡುತ್ತದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತ. ಬಹುಪಾಲು ನಾಸ್ ಪೆಟ್ಟಿಗೆಗಳಲ್ಲಿ ಇರೋದು ಇದೇ.

ಈ ಭಾಷೆಯ ಮೊದಲ ಆವೃತ್ತಿ, ಎಸ್‌ಎಂಬಿ 1, ತುಂಬಾ ಹಳೆಯದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ 150ಕ್ಕೂ ಹೆಚ್ಚು ದೇಶಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿದ್ದು ವಿಂಡೋಸಿನ ಎಸ್‌ಎಂಬಿ 1ರ ಒಂದು ದೋಷದ ಮೂಲಕ. ಆ ದೋಷಕ್ಕೆ ಮಾರ್ಚಿನಲ್ಲೇ ಮದ್ದು ಬಂದಿತ್ತು, ಹಾಕಿಕೊಳ್ಳದವರಿಗೆ ಪೆಟ್ಟು ಬಿತ್ತು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು. ಬೇಕಿದ್ದರೆ ನಾವೇ ಹಾಕಿಕೊಳ್ಳಬೇಕು. ದಯವಿಟ್ಟು ಹಾಕಿಕೊಳ್ಳಬೇಡಿ.

ನಮ್ಮ ಸಮಸ್ಯೆ ಅದಲ್ಲ, ಅದರ ಮುಂದಿನ ಹೆಜ್ಜೆ. 2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಪ್ರೊ ಮತ್ತು ಅದರ ಮೇಲಿನ ಕಂಪ್ಯೂಟರುಗಳು ಪ್ರತಿ ಸಂದೇಶಕ್ಕೂ ಸಹಿ ಕೇಳುತ್ತವೆ. ಫೈಲು ದಾರಿಯಲ್ಲಿ ಯಾರ ಕೈಗೂ ಸಿಕ್ಕಿ ಬದಲಾಗಿಲ್ಲ ಅನ್ನೋದಕ್ಕೆ ಈ ಸಹಿ. ಅದನ್ನು ಹಾಕಲು ಒಂದು ಗುಟ್ಟಿನ ಕೀಲಿ ಬೇಕು. ಆ ಕೀಲಿ ಹುಟ್ಟುವುದು ನಾವು ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದಾಗ. ಪಾಸ್‌ವರ್ಡೇ ಇಲ್ಲದೆ ಅತಿಥಿಯಾಗಿ ಹೋದರೆ ಕೀಲಿ ಇಲ್ಲ, ಕೀಲಿ ಇಲ್ಲದಿದ್ದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಬಾಗಿಲಿಲ್ಲ. ನಮ್ಮ ಪೆಟ್ಟಿಗೆ ಇಷ್ಟು ವರ್ಷ ಎಲ್ಲರನ್ನೂ ಅತಿಥಿಯಾಗಿಯೇ ಬಿಟ್ಟುಕೊಳ್ಳುತ್ತಿತ್ತು.

ಟೆಕ್ನಿಷಿಯನ್ ಹೇಳಿದ ಐದು ನಿಮಿಷದ ದಾರಿ ಅಂದರೆ ಸಹಿ ಕೇಳೋದನ್ನು ನಿಲ್ಲಿಸಿ, ಅತಿಥಿಗಳನ್ನು ಮತ್ತೆ ಬಿಟ್ಟುಕೊಳ್ಳುವುದು. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ನಮ್ಮ ಪ್ರೆಸ್ಸಿಗೆ ದಿನಾ ಹತ್ತಾರು ಜನ ಪೆನ್‌ಡ್ರೈವ್ ತಂದು ಚುಚ್ಚುತ್ತಾರೆ. ಒಂದರಲ್ಲಿ ವೈರಸ್ ಬಂದರೂ ಅದು ಪಾಸ್‌ವರ್ಡಿಲ್ಲದ ‘ಪಿ’ ಡ್ರೈವಿಗೆ ಹೋಗಿ ಕೂರುತ್ತದೆ. ನಾನು ಬೇಡ ಅಂದೆ. ಪೆಟ್ಟಿಗೆಯಲ್ಲೇ ಬಳಕೆದಾರರನ್ನು ಮಾಡಿ ಪಾಸ್‌ವರ್ಡ್ ಕೊಡೋಣ, ಎಷ್ಟು ಹೊತ್ತಾದರೂ ಆಗಲಿ ಅಂದೆ. ಅವರು ಒಪ್ಪಿದರು. ಅವತ್ತಿನ ವಿಸಿಟ್ಟಿಗೆ 500 ರೂಪಾಯಿ ಕೊಟ್ಟೆವು.

ಮೊದಲು ಬ್ಯಾಕಪ್. ಪೆಟ್ಟಿಗೆಯ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹಳೆಯದಾಗಿತ್ತು. ಅದನ್ನು ಅಪ್‌ಡೇಟ್ ಮಾಡದೆ ಮುಂದೆ ಹೋಗುವ ಹಾಗಿರಲಿಲ್ಲ. ಬ್ಯಾಕಪ್ ಇಲ್ಲದೆ ಫರ್ಮ್‌ವೇರ್ ಮುಟ್ಟಲು ಧೈರ್ಯ ಬರಲಿಲ್ಲ. ನಾಲ್ಕು ಟಿಬಿಯ ಹೊರಗಿನ ಹಾರ್ಡ್‌ಡಿಸ್ಕ್ ತಂದೆವು, ಹತ್ತು ಸಾವಿರದ ಆಸುಪಾಸು ಆಯಿತು. ಅದನ್ನು ಹಳೇ ಕಂಪ್ಯೂಟರಿಗೆ ಚುಚ್ಚಿ ‘ಪಿ’ ಡ್ರೈವಿನಿಂದ ಕಾಪಿ ಹಾಕಿದರೆ ವೇಗ ಸೆಕೆಂಡಿಗೆ 11 ಎಂಬಿ. ಆ ಲೆಕ್ಕದಲ್ಲಿ ಒಂದು ಟಿಬಿಗೆ ಸುಮಾರು ಒಂದು ಹಗಲು ಒಂದು ರಾತ್ರಿ ಬೇಕು!

ಎಂಬಿ ಅಂದರೆ ಮೆಗಾಬೈಟ್, ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟು. 11 ಎಂಬಿ ಅನ್ನೋ ಅಂಕಿ ನೋಡಿದರೆ ಗೊತ್ತಾಗುತ್ತದೆ, ವೈರು 100 ಎಂಬಿಪಿಎಸ್‌ನಲ್ಲಿ ಓಡುತ್ತಿದೆ ಅಂತ. ವಿಂಡೋಸ್ ಸೆಟ್ಟಿಂಗಿನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ತೆಗೆದರೆ ಲಿಂಕ್ ವೇಗ ತೋರಿಸುತ್ತದೆ. 1000 ಇರಬೇಕಾದ ಕಡೆ 100 ಇತ್ತು. ನೆಟ್‌ವರ್ಕ್ ವೈರಿನೊಳಗೆ ಎಂಟು ಎಳೆ ಇರುತ್ತವೆ. 100ರ ವೇಗಕ್ಕೆ ನಾಲ್ಕು ಸಾಕು, 1000ಕ್ಕೆ ಎಂಟೂ ಬೇಕು. ಪೆಟ್ಟಿಗೆಯ ಹಿಂದಿನ ವೈರನ್ನು ಬಿಚ್ಚಿ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆವು. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಆರು ಎಳೆಗಳು ತುದಿಯವರೆಗೆ ಹೋಗಿದ್ದವು. ಕಂದು ಬಣ್ಣದ ಜೋಡಿ ಮಾತ್ರ ಹಿತ್ತಾಳೆ ಹಲ್ಲುಗಳನ್ನು ಮುಟ್ಟದೆ ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿದೆವು. ಎಲ್ಲ ವೈರುಗಳನ್ನು ಸೇರಿಸುವ ನೆಟ್‌ವರ್ಕ್ ಸ್ವಿಚ್ಚೂ ಹಳೇ ಕಾಲದ್ದಾಗಿತ್ತು, 1000ರ ವೇಗದ ಗಿಗಾಬಿಟ್ ಸ್ವಿಚ್ ತಂದೆವು. ಕಾಪಿಯ ವೇಗ ಸೆಕೆಂಡಿಗೆ 100 ಎಂಬಿ ದಾಟಿತು. ದಿನಗಟ್ಟಲೆ ಹಿಡಿಯುವ ಕಾಪಿ ಒಂದು ಸಂಜೆಗೆ ಮುಗಿಯಿತು. ಇಷ್ಟು ವರ್ಷ ದೊಡ್ಡ ಫ್ಲೆಕ್ಸ್ ಫೈಲ್ ತೆರೆಯಲು ನಿಧಾನ ಆಗುತ್ತಿದ್ದದ್ದಕ್ಕೆ ಕಾರಣವೂ ಇದೇ ಆಗಿತ್ತು.

ಫರ್ಮ್‌ವೇರ್ ಅಪ್‌ಡೇಟನ್ನು ಪ್ರೆಸ್ ಬಾಗಿಲು ಹಾಕಿದ ಮೇಲೆ ರಾತ್ರಿ ಮಾಡಿದೆವು. ಬ್ರೌಸರಿನಲ್ಲಿ ಪೆಟ್ಟಿಗೆಯ ವಿಳಾಸ ಹಾಕಿ ಆಡ್ಮಿನ್ ಆಗಿ ಒಳಗೆ ಹೋಗಬೇಕು. ಆಡ್ಮಿನ್ ಪಾಸ್‌ವರ್ಡ್ ಪೆಟ್ಟಿಗೆ ತಂದ ದಿನದ ಬಿಲ್ಲಿನ ಹಿಂದೆ ಮಾವನವರ ಕೈಬರಹದಲ್ಲಿತ್ತು. ಅದು ಸಿಗದಿದ್ದರೆ ಪೆಟ್ಟಿಗೆಯನ್ನು ರೀಸೆಟ್ ಮಾಡಬೇಕಾಗುತ್ತಿತ್ತು. ಶುರು ಮಾಡುವ ಮುಂಚೆ ಆ ಪಾಸ್‌ವರ್ಡ್ ಎಲ್ಲಿದೆ ಅಂತ ಹುಡುಕಿಡಿ. ಅಪ್‌ಡೇಟ್ ಆಗುವಾಗ ದೀಪ ಮಿನುಗುತ್ತಲೇ ಇತ್ತು. ಕರೆಂಟ್ ಹೋದರೆ ಪೆಟ್ಟಿಗೆ ಕೆಡಬಹುದು ಅನ್ನೋ ಭಯಕ್ಕೆ ಬಿಲ್ಲಿಂಗ್ ಕಂಪ್ಯೂಟರಿನ ಯುಪಿಎಸ್ ತಂದು ಅದಕ್ಕೇ ಕೊಟ್ಟಿದ್ದೆವು. ಮಾವನವರು ಮನೆಗೆ ಹೋಗದೆ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಕೊನೆಗೆ ದೀಪ ನಿಂತು, ಫೋಲ್ಡರುಗಳೆಲ್ಲ ಹಾಗೇ ಇರುವುದನ್ನು ಕಣ್ಣಾರೆ ಕಂಡ ಮೇಲೇ ಎದ್ದರು. ಆಮೇಲೆ ಎಸ್‌ಎಂಬಿ ಸೆಟ್ಟಿಂಗಿನಲ್ಲಿ ಕನಿಷ್ಠ 2, ಗರಿಷ್ಠ 3 ಅಂತ ಇಟ್ಟೆವು. ಅತಿಥಿ ಪ್ರವೇಶ ಬಂದ್ ಮಾಡಿದೆವು.

ಮರುದಿನ ಬಳಕೆದಾರರನ್ನು ಮಾಡಿದೆವು. ಡಿಟಿಪಿ ಮಾಡುವ ಹುಡುಗಿಗೆ ಒಂದು, ಬಿಲ್ಲಿಂಗ್‌ಗೆ ಒಂದು, ಮೆಷಿನ್ ಹತ್ತಿರದ ಕಂಪ್ಯೂಟರಿಗೆ ಒಂದು, ನಮಗೆ ಒಂದು. ಮೆಷಿನ್ ಕಡೆಯವರಿಗೆ ಫೈಲ್ ತೆರೆಯಲು ಮಾತ್ರ ಹಕ್ಕು, ಬದಲಿಸುವಂತಿಲ್ಲ. ಇದು ಅವರ ಮೇಲೆ ಅಪನಂಬಿಕೆಯಿಂದ ಅಲ್ಲ. ಫೈಲ್‌ಗೆ ಬೀಗ ಹಾಕುವ ವೈರಸ್ ಯಾವ ಕಂಪ್ಯೂಟರಿಗೆ ಬರುತ್ತದೋ ಆ ಕಂಪ್ಯೂಟರಿಗೆ ಸೇರಿಸಿದ ಡ್ರೈವ್‌ಗಳನ್ನೂ ಹಾಳು ಮಾಡುತ್ತದೆ. ಬರೆಯುವ ಹಕ್ಕೇ ಇಲ್ಲದ ಕಡೆ ಅದರ ಆಟ ನಡೆಯುವುದಿಲ್ಲ. ಬ್ಯಾಕಪ್ ಡಿಸ್ಕನ್ನೂ ಇದೇ ಕಾರಣಕ್ಕೆ ಕಾಪಿ ಮುಗಿದ ಕೂಡಲೇ ಬಿಚ್ಚಿ ಬೀರುವಿನಲ್ಲಿಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನೆಟ್‌ವರ್ಕ್ ಡ್ರೈವಿನಿಂದ ಅಳಿಸಿದ ಫೈಲು ನಿಮ್ಮ ಕಂಪ್ಯೂಟರಿನ ರಿಸೈಕಲ್ ಬಿನ್ನಿಗೆ ಬರುವುದಿಲ್ಲ, ನೇರ ಹೋಗಿಬಿಡುತ್ತದೆ. ನಾಸ್ ಪೆಟ್ಟಿಗೆಯಲ್ಲೇ ಬೇರೆ ರಿಸೈಕಲ್ ಬಿನ್ ಇರುತ್ತದೆ, ಪ್ರತಿ ಫೋಲ್ಡರಿಗೂ ಅದನ್ನು ಆನ್ ಮಾಡಬೇಕು. ನಾವು ಮಾಡಿದೆವು.

ಈಗ ಹೊಸ ಕಂಪ್ಯೂಟರಿಗೆ ಡ್ರೈವ್ ಸೇರಿಸುವ ಸರದಿ. ಫೈಲ್ ಎಕ್ಸ್‌ಪ್ಲೋರರಿನ ಎಡಗಡೆ ‘ನೆಟ್‌ವರ್ಕ್’ ಒತ್ತಿದರೆ ಪೆಟ್ಟಿಗೆಯ ಹೆಸರೇ ಇರಲಿಲ್ಲ. ಅಲ್ಲಿ ಹೆಸರು ಕಾಣಿಸುವುದು ಬೇರೆ, ಬಾಗಿಲು ತೆರೆಯುವುದು ಬೇರೆ. ಹೆಸರು ಕಾಣದಿದ್ದರೂ ವಿಳಾಸ ನೇರ ಟೈಪ್ ಮಾಡಿದರೆ ತೆರೆಯಬಹುದು. ಎಕ್ಸ್‌ಪ್ಲೋರರಿನ ವಿಳಾಸದ ಪಟ್ಟಿಯಲ್ಲಿ ಎರಡು ಹಿಂಬದಿ ಗೆರೆ, ಆಮೇಲೆ ನೆಟ್‌ವರ್ಕಿನಲ್ಲಿ ಪೆಟ್ಟಿಗೆಗಿರುವ ಅಂಕಿಯ ವಿಳಾಸ (ಐಪಿ ವಿಳಾಸ) ಹಾಕಿ \\192.168.1.50 ಅಂತ ಟೈಪ್ ಮಾಡಿದೆವು. ಹೆಸರು, ಪಾಸ್‌ವರ್ಡ್ ಕೇಳಿತು. ಕೊಟ್ಟೆವು. ಆಗ ಇನ್ನೊಂದು ದೋಷ, ಸಂಖ್ಯೆ 1219. ಒಂದೇ ಸರ್ವರಿಗೆ ಬೇರೆ ಬೇರೆ ಹೆಸರಿನಲ್ಲಿ ಒಟ್ಟಿಗೆ ಸೇರಲಾಗದು ಅನ್ನೋದು ಅದರ ಅರ್ಥ.

ಇದು ಬಂದರೆ ಗಾಬರಿ ಬೇಡ. ಹಿಂದಿನ ಪ್ರಯತ್ನಗಳ ನೆನಪು ವಿಂಡೋಸ್ ಇಟ್ಟುಕೊಂಡಿರುತ್ತದೆ. ಕಮಾಂಡ್ ಪ್ರಾಂಪ್ಟ್ ತೆಗೆದು ನೆಟ್ ಯೂಸ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಈಗಿರುವ ಸಂಪರ್ಕಗಳ ಪಟ್ಟಿ ಬರುತ್ತದೆ. ಅದೇ ಆಜ್ಞೆಯ ಮುಂದೆ ಒಂದು ನಕ್ಷತ್ರ ಚಿಹ್ನೆ, ಒಂದು ಓರೆಗೆರೆ ಮತ್ತು ಡಿಲೀಟ್ ಅನ್ನೋ ಪದ ಸೇರಿಸಿದರೆ ಎಲ್ಲ ಬಿಡಿಸಿಕೊಳ್ಳುತ್ತದೆ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆಗೆದು, ಪೆಟ್ಟಿಗೆಯ ವಿಳಾಸದ ಹಳೇ ನಮೂದು ಇದ್ದರೆ ತೆಗೆದುಹಾಕಿ. ಸೈನ್ ಔಟ್ ಮಾಡಿ ಮತ್ತೆ ಬನ್ನಿ. ಇಷ್ಟು ಮಾಡಿ ಮತ್ತೆ ಹೆಸರು ಕೊಟ್ಟಾಗ ಬಾಗಿಲು ತೆರೆಯಿತು. ಫೋಲ್ಡರುಗಳು ಒಂದೊಂದಾಗಿ ಪರದೆ ಮೇಲೆ ಮೂಡಿದಾಗ ಡಿಟಿಪಿ ಹುಡುಗಿ "ಅಕ್ಕಾ, ಬಂತು!" ಅಂತ ಕೂಗಿದ್ದು ಹೊರಗೆ ಕೌಂಟರಿನವರೆಗೆ ಕೇಳಿಸಿತು.

ಡ್ರೈವ್ ಸೇರಿಸುವಾಗ ಅಕ್ಷರದ ಬಗ್ಗೆ ಎಚ್ಚರ ಇರಲಿ. ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ ತಾನಾಗಿ ‘ಝಡ್’ ಕೊಡಲು ನೋಡುತ್ತದೆ. ನಮ್ಮ ಹಳೇ ಪೇಜ್‌ಮೇಕರ್ ಫೈಲುಗಳು ಚಿತ್ರಗಳನ್ನು ‘ಪಿ’ ಡ್ರೈವಿನ ಇಂಥ ಫೋಲ್ಡರಿನಲ್ಲಿ ಇದೆ ಅಂತಲೇ ನೆನಪಿಟ್ಟುಕೊಂಡಿವೆ. ಅಕ್ಷರ ಬದಲಾದರೆ ದೇವರ ಚಿತ್ರ, ಬಾರ್ಡರು ಎಲ್ಲದರ ಕೊಂಡಿ ಕಳಚುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಅಕ್ಷರ ಇಡಿ. ಜೊತೆಗೆ, ಸೈನ್ ಇನ್ ಆದಾಗ ಮತ್ತೆ ಸಂಪರ್ಕಿಸು ಮತ್ತು ನನ್ನ ಹೆಸರು ಪಾಸ್‌ವರ್ಡ್ ನೆನಪಿಡು ಅನ್ನುವ ಎರಡೂ ಕಡೆ ಟಿಕ್ ಹಾಕಿ. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಕೆಲವೊಮ್ಮೆ ಡ್ರೈವಿನ ಮೇಲೆ ಕೆಂಪು ಗುಣಾಕಾರದ ಗುರುತು ಇರುತ್ತದೆ. ನೆಟ್‌ವರ್ಕ್ ಎದ್ದೇಳುವ ಮೊದಲೇ ವಿಂಡೋಸ್ ಹುಡುಕಿದೆ ಅಂತ ಅಷ್ಟೇ. ಅದರ ಮೇಲೆ ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ.

ಎಲ್ಲ ಸರಿಹೋಯಿತು ಅಂದುಕೊಂಡ ವಾರವೇ ಸಂಜೆ ಕರೆಂಟ್ ಹೋಗಿ ಬಂತು. ‘ಪಿ’ ಡ್ರೈವ್ ಮತ್ತೆ ಇಲ್ಲ! ನೆಟ್‌ವರ್ಕ್ ದಾರಿ ಸಿಗಲಿಲ್ಲ ಅನ್ನೋ ಸಂದೇಶ, ಕೊನೆಗೆ 80070035 ಅಂತ ಸಂಖ್ಯೆ. ಈ ಸಲ ಕಾರಣವೇ ಬೇರೆ. ರೂಟರ್ ಆರಿ ಹತ್ತಿದಾಗ ಪೆಟ್ಟಿಗೆಗೆ ಬೇರೆ ಐಪಿ ವಿಳಾಸ ಕೊಟ್ಟಿತ್ತು. ರೂಟರಿನ ಸೆಟ್ಟಿಂಗಿಗೆ ಹೋಗಿ, ಡಿಎಚ್‌ಸಿಪಿ ಕಾಯ್ದಿರಿಸುವಿಕೆ ಅನ್ನುವ ಕಡೆ ಪೆಟ್ಟಿಗೆಗೆ 192.168.1.50 ಅನ್ನೇ ಖಾಯಂ ಮಾಡಿದೆವು. ಪೆಟ್ಟಿಗೆಗೂ ರೂಟರಿಗೂ ಸೇರಿ ಒಂದು ಸಣ್ಣ ಯುಪಿಎಸ್ ತಂದೆವು, ಎರಡೂವರೆ ಸಾವಿರ ಆಯಿತು. ನನ್ನ ಕೇಳಿದರೆ ಈ ಎರಡು ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು.

ಇಲ್ಲೇ ಒಂದು ಮಾತು. ದೋಷದ ಸಂದೇಶ ಒಂದೇ ಇದ್ದರೂ ಕಾರಣ ನಾಲ್ಕೈದು ಇರಬಹುದು. ಅದಕ್ಕೆ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ. ವೈರಿನ ದೀಪ ಉರಿಯುತ್ತಿದೆಯೇ? ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕಿನಲ್ಲಿ ಪೆಟ್ಟಿಗೆಯನ್ನು ಒಮ್ಮೆ ಕೂಗಿ ನೋಡಿದರೆ, ಉತ್ತರ ಬರುತ್ತಿದೆಯೇ? ಎಸ್‌ಎಂಬಿಯ ಬಾಗಿಲು, ಅಂದರೆ 445ನೇ ಪೋರ್ಟ್, ತೆರೆದಿದೆಯೇ? ಹೆಸರು ಪಾಸ್‌ವರ್ಡ್ ಒಪ್ಪುತ್ತಿದೆಯೇ? ಆ ಹೆಸರಿಗೆ ಆ ಫೋಲ್ಡರಿನ ಹಕ್ಕಿದೆಯೇ? ಟೆಕ್ನಿಷಿಯನ್‌ಗೆ ಫೋನ್ ಮಾಡುವಾಗಲೂ "ಡ್ರೈವ್ ಬರ್ತಿಲ್ಲ" ಅನ್ನೋ ಬದಲು "ಪಿಂಗ್ ಬರ್ತಿದೆ, ಪಾಸ್‌ವರ್ಡ್ ಒಪ್ತಿಲ್ಲ" ಅಂದರೆ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ನನ್ನ ಮೈದುನನ ಲ್ಯಾಪ್‌ಟಾಪಿನಲ್ಲಿ ಪಿಂಗೇ ಬರುತ್ತಿರಲಿಲ್ಲ. ನೋಡಿದರೆ ಅದು ಗಿರಾಕಿಗಳಿಗೆ ಅಂತ ಇಟ್ಟ ಅತಿಥಿ ವೈಫೈಗೆ ಸೇರಿತ್ತು. ಆ ವೈಫೈನಲ್ಲಿ ಇಂಟರ್ನೆಟ್ ಮಾತ್ರ ಸಿಗುತ್ತದೆ, ಒಳಗಿನ ಪೆಟ್ಟಿಗೆ ಕಾಣುವುದಿಲ್ಲ. ಅದು ಹಾಗೇ ಇರಬೇಕು ಕೂಡ.

ಬಿಲ್ಲಿಂಗ್ ಕಂಪ್ಯೂಟರಿನ ಕಥೆ ಬೇರೆ. ಅಲ್ಲಿ ಲೆಕ್ಕದ ಡೇಟಾ ಫೋಲ್ಡರ್ ಇದೆ, ಅದನ್ನು ಮಾವನವರ ಕೋಣೆಯ ಕಂಪ್ಯೂಟರಿನಿಂದಲೂ ನೋಡಬೇಕು. ಇಲ್ಲಿ ಹಂಚುತ್ತಿರುವುದು ನಾಸ್ ಅಲ್ಲ, ವಿಂಡೋಸ್ ಕಂಪ್ಯೂಟರೇ. ಮೊದಲು ಅದರ ನೆಟ್‌ವರ್ಕನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಬೇಕು, ಇಲ್ಲದಿದ್ದರೆ ಅದರ ಫೈರ್‌ವಾಲ್ ಯಾರನ್ನೂ ಒಳಗೆ ಬಿಡುವುದಿಲ್ಲ. ಬದಲಿಸಿದೆವು. ಮಾವನವರ ಕಂಪ್ಯೂಟರಿನಲ್ಲಿ ಹೆಸರು ಪಾಸ್‌ವರ್ಡ್ ಕೇಳಿತು. ಬಿಲ್ಲಿಂಗ್ ಹುಡುಗ ದಿನಾ ಹೊಡೆಯುವ ನಾಲ್ಕು ಅಂಕಿಯ ಪಿನ್ ಕೊಟ್ಟ. ಒಪ್ಪಲಿಲ್ಲ. ಪಿನ್ ಆ ಒಂದು ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬರುವವರಿಗೆ ನಡೆಯುವುದಿಲ್ಲ. ಅಲ್ಲಿ ಖಾತೆಯ ಪೂರ್ತಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಡದ ಖಾತೆಯನ್ನೂ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಎಷ್ಟೋ ಕಡೆ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಸುಲಭದ ದಾರಿ ಅಂದರೆ, ಹಂಚುವ ಕಂಪ್ಯೂಟರಿನಲ್ಲಿ ಇದಕ್ಕೆ ಅಂತಲೇ ಒಂದು ಸ್ಥಳೀಯ ಖಾತೆ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಆ ಫೋಲ್ಡರಿಗೆ ಅದಕ್ಕೆ ಹಕ್ಕು ಕೊಡುವುದು. ಹಕ್ಕು ಎರಡು ಕಡೆ ಕೊಡಬೇಕು: ಶೇರಿಂಗ್ ಅನ್ನುವ ಕಡೆ ಒಂದು, ಸೆಕ್ಯುರಿಟಿ ಅನ್ನುವ ಕಡೆ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಲಾಗಿನ್ ಆಗುವಾಗ ಬರೀ ಹೆಸರಲ್ಲ, ಕಂಪ್ಯೂಟರಿನ ಹೆಸರು, ಹಿಂಬದಿ ಗೆರೆ, ಆಮೇಲೆ ಬಳಕೆದಾರರ ಹೆಸರು ಹೀಗೆ ಕೊಡಿ.

ಫೋಲ್ಡರ್ ತೆರೆಯಿತು. ಆದರೆ ಲೆಕ್ಕದ ಸಾಫ್ಟ್‌ವೇರಿನೊಳಗೆ ಆ ಡ್ರೈವೇ ಇಲ್ಲ! ಎಕ್ಸ್‌ಪ್ಲೋರರಿನಲ್ಲಿ ಕಾಣುತ್ತದೆ, ಸಾಫ್ಟ್‌ವೇರಿನಲ್ಲಿ ಕಾಣುವುದಿಲ್ಲ. ಅದನ್ನು ಆಡ್ಮಿನಿಸ್ಟ್ರೇಟರ್ ಆಗಿ ಓಡಿಸುತ್ತಿದ್ದದ್ದೇ ಕಾರಣ. ಸಾಮಾನ್ಯ ಬಳಕೆದಾರರಾಗಿ ಸೇರಿಸಿದ ಡ್ರೈವ್ ಅಕ್ಷರ, ಆಡ್ಮಿನ್ ಹಕ್ಕಿನಲ್ಲಿ ಓಡುವ ತಂತ್ರಾಂಶಕ್ಕೆ ಕಾಣುವುದಿಲ್ಲ. ವಿಂಡೋಸಿನ ಒಳಗಿನ ಸೆಟ್ಟಿಂಗುಗಳ ಕಡತವಾದ ರಿಜಿಸ್ಟ್ರಿ ತಿದ್ದಿ ಕಾಣಿಸುವಂತೆ ಮಾಡಬಹುದು. ನಾವು ಅದರ ಗೋಜಿಗೆ ಹೋಗದೆ, ಡ್ರೈವ್ ಅಕ್ಷರದ ಬದಲು ಎರಡು ಗೆರೆಯಿಂದ ಶುರುವಾಗುವ ಪೂರ್ತಿ ವಿಳಾಸವನ್ನೇ ಡೇಟಾ ಇರುವ ಜಾಗ ಅಂತ ಕೊಟ್ಟೆವು. ತಕ್ಷಣ ತೆರೆಯಿತು. ಬಿಲ್ಲಿಂಗ್ ಕಂಪ್ಯೂಟರ್ ತಾನಾಗಿ ನಿದ್ದೆಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್ ಬದಲಿಸುವುದನ್ನೂ ಮರೆಯಬೇಡಿ. ಅದು ಮಲಗಿದರೆ ಈ ಕಡೆ ಫೋಲ್ಡರ್ ಮಾಯ.

ಜೆರಾಕ್ಸ್ ಮೆಷಿನ್ನಿನಿಂದ ಸ್ಕ್ಯಾನ್ ಮಾಡಿದ್ದು ಮೊದಲು ನೇರ ಬಿಲ್ಲಿಂಗ್ ಕಂಪ್ಯೂಟರಿನ ಫೋಲ್ಡರಿಗೆ ಬರುತ್ತಿತ್ತು. ಹೊಸ ಕಂಪ್ಯೂಟರ್ ಬಂದ ಮೇಲೆ ಅದೂ ನಿಂತಿತು. ಆ ಮೆಷಿನ್ನಿಗೆ ಗೊತ್ತಿರುವುದು ಹಳೇ ಎಸ್‌ಎಂಬಿ 1 ಮಾತ್ರ, ಅದಕ್ಕೆ ಅಪ್‌ಡೇಟ್ ಬರುವುದಿಲ್ಲ. ಒಂದು ಸ್ಕ್ಯಾನಿಗೋಸ್ಕರ ಇಡೀ ಆಫೀಸಿನ ಬಾಗಿಲು ಸಡಿಲ ಮಾಡೋದು ನನಗೆ ಸರಿ ಕಾಣಲಿಲ್ಲ. ಅದರಲ್ಲಿ ಎಫ್‌ಟಿಪಿ ಅನ್ನುವ, ಫೈಲ್ ಕಳಿಸುವ ಇನ್ನೊಂದು ಹಳೇ ವಿಧಾನದ ಮೂಲಕ ಕಳಿಸುವ ಸೌಲಭ್ಯ ಇತ್ತು. ನಾಸ್‌ನಲ್ಲಿ ‘ಸ್ಕ್ಯಾನ್’ ಅಂತ ಒಂದೇ ಫೋಲ್ಡರ್, ಅದಕ್ಕೆ ಮಾತ್ರ ಹಕ್ಕಿರುವ ಒಬ್ಬ ಬಳಕೆದಾರ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚದೆ ಹೋಗುತ್ತದೆ, ಅದಕ್ಕೆ ಆ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಿಲ್ಲ.

ಕೊನೆಯ ತೊಡಕು ಕನ್ನಡ ಹೆಸರಿನ ಫೈಲುಗಳದ್ದು. ಇದನ್ನು ಎಲ್ಲೂ ಓದಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪೆನ್‌ಡ್ರೈವಿನ ದಿನಗಳಲ್ಲಿ ಮಾಡಿದ ಕೆಲಸಗಳನ್ನು ವಾಪಸ್ ‘ಪಿ’ ಡ್ರೈವಿಗೆ ಹಾಕುವಾಗ ಕೆಲವು ಫೈಲು ಮಾತ್ರ ಹೋಗಲೇ ಇಲ್ಲ. ಎಲ್ಲವೂ ಉದ್ದ ಹೆಸರಿನವು. ವರ, ವಧು, ಊರು, ಕಲ್ಯಾಣ ಮಂಟಪ, ಕೊನೆಯ ಕರೆಕ್ಷನ್ ಅಂತ ಎಲ್ಲ ಸೇರಿಸಿ ಹೆಸರಿಟ್ಟಿದ್ದವು. ವಿಂಡೋಸಿನಲ್ಲಿ ಹೆಸರು 255 ಸಂಕೇತಗಳವರೆಗೆ ಇರಬಹುದು. ಲಿನಕ್ಸ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮಿತಿ 255 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಅಂದರೆ ಕನ್ನಡದಲ್ಲಿ 85 ಸಂಕೇತ ಮಾತ್ರ. ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಅನ್ನೋದು ಕಣ್ಣಿಗೆ ಒಂದಕ್ಷರ, ಪೆಟ್ಟಿಗೆಗೆ ಆರು ಸಂಕೇತ, 18 ಬೈಟು. ಹೆಸರು ಚಿಕ್ಕದು ಮಾಡಿದ ಕೂಡಲೇ ಫೈಲು ಹೋಯಿತು.

ಇನ್ನೊಂದು, ಒಂದೇ ಫೋಲ್ಡರಿನಲ್ಲಿ ‘ಗೋಡೆ ಕ್ಯಾಲೆಂಡರ್’ ಅನ್ನೋ ಒಂದೇ ಹೆಸರಿನ ಎರಡು ಫೈಲು! ಒಂದೇ ಹೆಸರು ಎರಡಕ್ಕೆ ಇರಲು ಸಾಧ್ಯವೇ ಇಲ್ಲವಲ್ಲ. ಒಂದು ನಾವು ಮಾಡಿದ್ದು. ಇನ್ನೊಂದು ಬೆಂಗಳೂರಿನ ಡಿಸೈನರ್ ಮ್ಯಾಕ್‌ನಲ್ಲಿ ಜಿಪ್ ಮಾಡಿ ಕಳಿಸಿದ್ದು. ‘ಗೋ’ದಲ್ಲಿರುವ ಓತ್ವವನ್ನು ಯೂನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ) ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಬರೆಯಬಹುದು. ಮ್ಯಾಕ್‌ನ ಜಿಪ್‌ನಲ್ಲಿ ತುಂಡಾದ ರೂಪ ಬರಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೆಸರು ಟೈಪ್ ಮಾಡಿ ಹುಡುಕಿದರೂ ಒಂದೇ ಸಿಗಬಹುದು. ಹಳೇದು ಯಾವುದು ಅಂತ ತಿಳಿಯದೆ ಅದನ್ನೇ ಪ್ಲೇಟಿಗೆ ಕಳಿಸುವ ಅಪಾಯ ಇಲ್ಲಿದೆ. ಈಗ ಹೊರಗಿನಿಂದ ಬಂದ ಫೈಲಿನ ಹೆಸರನ್ನು ಡಿಟಿಪಿ ಹುಡುಗಿ ನಮ್ಮ ಕಂಪ್ಯೂಟರಿನಲ್ಲಿ ಹೊಸದಾಗಿ ಟೈಪ್ ಮಾಡಿಯೇ ‘ಪಿ’ ಡ್ರೈವಿಗೆ ಹಾಕುತ್ತಾಳೆ. ಮೊದಲು ಆರ್ಡರ್ ನಂಬರ್, ಆಮೇಲೆ ಚಿಕ್ಕದಾಗಿ ಕನ್ನಡದ ಹೆಸರು.

ಖರ್ಚಿನ ಬಗ್ಗೆ ಕೇಳುವವರಿಗೆ: ಹಾರ್ಡ್‌ಡಿಸ್ಕು, ಸ್ವಿಚ್ಚು, ಕನೆಕ್ಟರು, ಯುಪಿಎಸ್, ಟೆಕ್ನಿಷಿಯನ್ ಓಡಾಟ ಎಲ್ಲ ಸೇರಿ ಹದಿನೇಳು ಸಾವಿರದ ಹತ್ತಿರ ಆಯಿತು, ಕಂಪ್ಯೂಟರಿನ ಬೆಲೆ ಬಿಟ್ಟು. ಅದರಲ್ಲಿ ದೊಡ್ಡ ಪಾಲು ಬ್ಯಾಕಪ್ ಡಿಸ್ಕಿನದು. ಬಳಕೆದಾರರ ಹೆಸರು, ಪಾಸ್‌ವರ್ಡ್, ಪೆಟ್ಟಿಗೆಯ ವಿಳಾಸ, ಯಾರಿಗೆ ಯಾವ ಫೋಲ್ಡರು ಅನ್ನೋದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಾವನವರ ಬೀಗದ ಡ್ರಾಯರಿನಲ್ಲಿಟ್ಟಿದ್ದೇವೆ. ಪೆಟ್ಟಿಗೆಯೊಳಗಿನ ಎರಡು ಡಿಸ್ಕಿಗೂ ವಯಸ್ಸಾಗಿದೆ. ಕ್ಯಾಲೆಂಡರ್ ಸೀಸನ್ ಮುಗಿದ ಮೇಲೆ ಒಂದಾದ ಮೇಲೊಂದು ಬದಲಿಸಬೇಕು. ಆ ಕೆಲಸ ಮಾಡಿರುವವರು ಯಾರಾದರೂ ಇದ್ದರೆ, ಒಂದು ಡಿಸ್ಕ್ ತೆಗೆದು ಹೊಸದು ಹಾಕಿದ ಮೇಲೆ ಪೆಟ್ಟಿಗೆ ಸಿದ್ಧವಾಗಲು ನಿಮಗೆ ಎಷ್ಟು ಹೊತ್ತು ಹಿಡಿಯಿತು ಅಂತ ದಯವಿಟ್ಟು ತಿಳಿಸಿ.